ಫ್ರಿಜ್ಜಿನೊಳಗಿನ ಚಳಿಗಾಲ

ಮಲೇಷ್ಯಾದ ನಿಲಾಯ್‌ನಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಆಂಟಿ ಉಡುಪಿಯವರು. ಚಳಿಗಾಲವೇ ಇಲ್ಲದ ಈ ಊರಿನಲ್ಲಿ ಡ್ಯಾಫೊಡಿಲ್ ಹೂ ಅರಳಿಸಬೇಕೆಂಬುದು ಅವರ ಹಟ. ಡಿಸೆಂಬರಿನಲ್ಲಿ ಕುಂಡಗಳನ್ನು ತೊಳೆದು ಕವುಚಿಟ್ಟು, ಗೆಡ್ಡೆಗಳನ್ನು ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿ ಇಡುತ್ತಿದ್ದರು. ನಾನು ಫ್ರಿಜ್ ತೆರೆದಾಗಲೆಲ್ಲ, "ಬೇಗ ಹಾಕು ಮಾರಾಯ್ತಿ, ಅವಕ್ಕೆ ಚಳಿ ಬೇಕು" ಎನ್ನುತ್ತಿದ್ದರು. ಎಂದೂ ದನಿ ಎತ್ತಿದವರಲ್ಲ.

ಒಂದು ಮಧ್ಯಾಹ್ನ, ಹಿಂದಿನ ದಿನವಷ್ಟೇ ಊರಿನಿಂದ ಬಂದಿದ್ದ ಅವರ ಅಮ್ಮ ಸಾಂಬಾರು ಮಾಡಿ ಮೊಮ್ಮಗಳಿಗೆ ಮೊದಲು ಬಡಿಸಿದರು. ಮಗು ಒಂದೆರಡು ತುತ್ತು ತಿಂದು ತಟ್ಟೆ ದೂಡಿತು.

"ಸೋ ಬಿಟರ್ ಲಾ, ಅಜ್ಜಿ."

"ನಾಟಕ ಸಾಕು. ಫ್ರಿಜ್ಜಿನಲ್ಲಿದ್ದ ಸಣ್ಣ ನೀರುಳ್ಳಿ ಅದು, ನುಂಗು."

ಡ್ಯಾಫೊಡಿಲ್ ಗೆಡ್ಡೆ ವಿಷವೆಂದು ಆಂಟಿಯೇ ನನಗೆ ಹೇಳಿದ್ದರು. ಅವರು ಕೂಗಲಿಲ್ಲ. ಮಗಳ ಬಾಯಿಗೆ ಬೆರಳು ಹಾಕಿ ಉಳಿದದ್ದನ್ನು ತೆಗೆದು, "ಕಾರ್ ತೆಗಿ" ಎಂದರು.

ದಾರಿಯಲ್ಲೇ ಮಗು ವಾಂತಿ ಮಾಡಿತು. "ನಾನೇ ವಿಷ ಹಾಕಿದೆನಲ್ಲ" ಎಂದು ಅಜ್ಜಿ ಅಳತೊಡಗಿದರು.

"ತಿನ್ನುವ ಜಾಗದಲ್ಲಿ ಇಟ್ಟವಳು ನಾನಮ್ಮ," ಎಂದರು ಆಂಟಿ, ಅದೇ ಮೆಲುದನಿಯಲ್ಲಿ.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ನೋಡಿಕೊಂಡು, ಇನ್ನು ಭಯವಿಲ್ಲ ಎಂದು ಕಳಿಸಿದರು. ಮಗು ಕಾರಿನಲ್ಲೇ ನಿದ್ದೆಹೋಯಿತು. ನಾನು ಕನ್ನಡಿಯಲ್ಲಿ ನೋಡಿದಾಗಲೆಲ್ಲ ಆಂಟಿಯ ಬೆರಳು ಮಗುವಿನ ಮೂಗಿನ ಕೆಳಗೇ ಇತ್ತು. ಮನೆ ತಲುಪಿದರೂ ಅವರು ಇಳಿಯಲಿಲ್ಲ.

"ಎಂಜಿನ್ ಆಫ್ ಮಾಡು," ಎಂದರು. "ಇವಳ ಉಸಿರು ಕೇಳ್ಬೇಕು ನಂಗೆ."