ಕೈ ಮುಗಿದವರಿಗೆ ಐದಕ್ಕೆ ಐದು

ಆ ವರ್ಷ ಮೂರು ತಾಲ್ಲೂಕುಗಳ ನಾಯಕರ ಮಾನ ಮರ್ಯಾದೆ ನನ್ನ ಹೆಬ್ಬೆರಳಿನ ತುದಿಯಲ್ಲಿತ್ತು. ಸಿಂಧನೂರಿನ ನಮ್ಮ ಕಾಲೇಜಿನ ರಾಜ್ಯಶಾಸ್ತ್ರದ ಸರ್, ನಾಯಕರು ಮೊಬೈಲಿನಲ್ಲಿ ಹರಿಬಿಡುವ ಮಾತಿನ ಸಭ್ಯತೆಗೆ ಐದಕ್ಕೆ ಅಂಕ ಹಾಕುವ ಕೆಲಸ ಕೊಟ್ಟಿದ್ದರು. ಬೈಗುಳಕ್ಕೆ ಎರಡು ಕಡಿತ, ಏಕವಚನಕ್ಕೆ ಎರಡು ಕಡಿತ. ಕೈ ಮುಗಿದು 'ರೀ' ಹಚ್ಚಿದರೆ ಪೂರ್ತಿ ಅಂಕ.

ಮಸ್ಕಿಯಿಂದ ದಿನಾ ಬಸ್ಸಿಗೆ ಹೋಗಿಬರುವ ನಾನು ಒಂದೇ ಕಾಲಿನ ಮೇಲೆ ನಿಂತು ತೀರ್ಪು ಕೊಡುತ್ತಿದ್ದೆ. ಇನ್ನೊಂದು ಕಾಲು ಯಾರದೋ ಜೋಳದ ಚೀಲದ ಕೆಳಗಿರುತ್ತಿತ್ತು. ಹೈಕೋರ್ಟಿಗೆ ಇಪ್ಪತ್ತು ವರ್ಷ ಹಿಡಿಯುವುದು ನನಗೆ ಎರಡು ಸ್ಟಾಪಿನ ಕೆಲಸ. ಬಸ್ಸು ತಗ್ಗಿಗೆ ಬಿದ್ದು, ಬೆರಳು ಜಾರಿ, ಒಬ್ಬ ಮಾಜಿ ಶಾಸಕರ ಸಭ್ಯತೆ ಐದರಿಂದ ಎರಡಕ್ಕೆ ಇಳಿದದ್ದೂ ಇದೆ. ಅದು ಡ್ರೈವರನ ತಪ್ಪು.

ನಮ್ಮವ್ವ ಅಂಗನವಾಡಿ ಟೀಚರ್. ಮಕ್ಕಳ ತೂಕ ಬರೆಯಲು ಕೊಟ್ಟ ಫೋನು ಕೆಟ್ಟು ನಿಂತರೂ ನೋಟಿಸು ತಮಗೇ ಬರುತ್ತದೆಂದು ಆಕೆ, ಜೊತೆಗಾರರು ಲಿಂಗಸುಗೂರಿನಲ್ಲಿ ಧರಣಿ ಕೂತಿದ್ದರು. ಒಂದು ಸಂಜೆ ಅವ್ವನ ಒಲೆ ಮುಂದೆ ಕೂತು ನನ್ನ ಪರಾಕ್ರಮ ಹೇಳುತ್ತ, ಧರಣಿ ಕುರಿತು ಒಬ್ಬ ನಾಯಕರು ಹಾಕಿದ್ದ ವಿಡಿಯೊ ತೋರಿಸಿದೆ. ಬಸ್ಸಿನ ಗದ್ದಲದಲ್ಲಿ ಮಾತು ಕೇಳಿಸದೆ, ಮುಗಿದ ಕೈ ನೋಡಿಯೇ ಐದು ಕೊಟ್ಟಿದ್ದೆ. ಮನೆಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿತು.

"ನಮ್ಮ ಅಕ್ಕಂದಿರು ದೇವ್ರಂಥವ್ರು ರೀ. ಪಾಪ, ಫೋನ್ ಒತ್ತಾಕ ಬರಂಗಿಲ್ಲ, ಅದಕ್ಕ ರಸ್ತ್ಯಾಗ ಕುಂತಾರ. ಮನ್ಯಾಗ ರೊಟ್ಟಿ ಬಡಕೊಂಡಿದ್ರ ಮನಸ್ಸಿಗೂ ನೆಮ್ಮದಿ."

ವಿಡಿಯೊದಲ್ಲಿ ಅವರ ಹಿಂದೆ, ಧರಣಿಯ ಎರಡನೇ ಸಾಲಿನಲ್ಲಿ ಅವ್ವ ಕೂತಿದ್ದಳು.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. "ಬೈದಿದ್ರ ನಾನೂ ಬೈತಿದ್ದೆ. ಕೈ ಮುಗದು ಅಂದಾನ, ಏನಂತ ಬೈಲಿ?"

ತಮ್ಮ ಸಂಘದ ಅಧ್ಯಕ್ಷೆಗೆ ಎಷ್ಟು ಕೊಟ್ಟೆ ಎಂದು ಕೇಳಿದಳು. ಆಕೆ ಆ ನಾಯಕರಿಗೆ, ನೀನೇ ಬಂದು ಮಕ್ಕಳನ್ನು ತೂಗು ಬಾರಲೇ ಎಂದು ಉತ್ತರ ಹಾಕಿದ್ದಳು. ಏಕವಚನ, ಮೇಲೊಂದು 'ಲೇ' ಎಂಬ ಬೈಗುಳ. ಒಂದು ಅಂಕ ಎಂದೆ. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಮರುದಿನ ಅಂಕ ತಿದ್ದಬೇಕೆಂದು ಸರ್ ಬೆನ್ನು ಹತ್ತಿದೆ. ಸ್ಟಾಫ್ ರೂಮಿನಿಂದ ಸೈಕಲ್ ಸ್ಟ್ಯಾಂಡಿನವರೆಗೆ ನಾನು ಮಾಡಿದ ವಾದಕ್ಕೆ ಗೋಡೆಯೂ ಒಪ್ಪಿರಬೇಕು, ಸರ್ ಒಪ್ಪಲಿಲ್ಲ.

"ಕೆಟ್ಟ ಶಬ್ದ ಯಾವ್ದೈತಿ? ಬೆರಳಿಟ್ಟು ತೋರ್ಸು."

ಆ ವಿಡಿಯೊ ಸಾವಿರ ಸಲ ಕೇಳಿದೆ. ಎಲ್ಲಾ ಒಳ್ಳೆಯ ಶಬ್ದಗಳೇ.

ವಾರದಲ್ಲಿ ನಮ್ಮ ಪಟ್ಟಿ ಹೊರಬಿತ್ತು. ಮೊದಲ ಹೆಸರು ಆ ನಾಯಕರದೇ. ವಿದ್ಯಾರ್ಥಿಗಳೇ ಕೊಟ್ಟ ಸರ್ಟಿಫಿಕೇಟು ಎಂದು ಅವರು ಅದನ್ನು ಊರಿಗೆಲ್ಲ ಹಂಚಿದರು, ಕೈ ಮುಗಿದೇ. ಅವ್ವನ ಸಂಘದ ವಾಟ್ಸಾಪ್ ಗುಂಪಿಗೂ ಅದು ಬಂತು. ಕೆಳಗೆ ನನ್ನ ಹೆಸರಿತ್ತು.

ಆವತ್ತು ಊಟಕ್ಕೆ ಕೂತಾಗ ಅವ್ವ ಹಿಂದೆಂದೂ ಮಾಡದಂತೆ ಎರಡೂ ಕೈಯಲ್ಲಿ ತಾಟು ಹಿಡಿದು ತಂದಳು.

"ತಗೋರೀ ಜಡ್ಜ್ ಸಾಹೇಬ್ರ. ರೊಟ್ಟಿ ಬಡದೀನಿ. ಮನಸ್ಸಿಗೆ ನೆಮ್ಮದಿ ಆಗೇತಿ."

ನನ್ನ ನಿಯಮದ ಪ್ರಕಾರ ಅದಕ್ಕೂ ಐದಕ್ಕೆ ಐದೇ ಕೊಡಬೇಕಿತ್ತು.