ರಫೀಕನ ಬುಗುರಿ ಮತ್ತು ಆರಿಸದ ಕಂಪ್ಯೂಟರ್

2023ರಲ್ಲಿ ನಾನು ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಓದಿದ್ದು ಡಿಪ್ಲೊಮಾ, ಊರು ಅಕ್ಕೂರು. ನನ್ನ ಜೊತೆಗಾರ ರಫೀಕ್. ಗೊಂಬೆಯ ಆಕಾರವನ್ನು ಪರದೆಯ ಮೇಲೆ ಬರೆದು, ಮರ ಕಡೆಯುವ, ಕಂಪ್ಯೂಟರಿನಿಂದ ನಡೆಯುವ ಲೇತಿಗೆ ಕಳುಹಿಸುವುದು ಅವನ ಕೆಲಸ.

ಅವನಿಗೊಂದು ಅಭ್ಯಾಸವಿತ್ತು. ಗೊಂಬೆ ಕಡೆದು ಕೈಯಲ್ಲಿ ಹಿಡಿಯುವವರೆಗೂ ಫೈಲ್ ಸೇವ್ ಮಾಡುತ್ತಿರಲಿಲ್ಲ. ಬೈದರೆ ನಗುತ್ತಿದ್ದ.

"ಕೈಗೆ ಬರೋಗಂಟ ಅದು ಬರೀ ಗೆರೆ ಕಣ್ಲಾ ಕುಮಾರ. ಗೆರೆನ ಯಾಕ್ಲಾ ಸೇವ್ ಮಾಡ್ಲಿ?"

ಆ ವರ್ಷ ಅವನು ಒಂದು ಬುಗುರಿಯ ಹೊಟ್ಟೆಯನ್ನು ತಿದ್ದುತ್ತಲೇ ಇದ್ದ. ದಸರೆಯ ಹೊತ್ತಿಗೆ ಒಂದು ಸಂಜೆ "ಈಗ ಸರಿಬಂತು, ನಾಳೆ ಕಡೆಯೋವ" ಎಂದು ಮನೆಗೆ ಹೋದವನು ಎದೆನೋವು ಬಂದು ತೀರಿಕೊಂಡ.

ಮಣ್ಣು ಕೊಟ್ಟು ಬಂದ ಮೇಲೆ ನಾನು ಮತ್ತೆ ಕಾರ್ಖಾನೆಗೆ ಹೋದದ್ದು ಆಯುಧಪೂಜೆಯ ದಿನ. ಲೇತನ್ನು ಒರೆಸಿ ಕುಂಕುಮ ಇಟ್ಟಿದ್ದರು. ರಫೀಕನ ಕಂಪ್ಯೂಟರ್ ಮಾತ್ರ ಇನ್ನೂ ಉರಿಯುತ್ತಿತ್ತು. ಮಾಲೀಕರಾದ ಚಿಕ್ಕಣ್ಣ ಅದರ ಮುಂದೆ ಹೂವು ಹಿಡಿದು ನಿಂತಿದ್ದರು.

"ಪರದೆ ಮೇಲಿನ ಎಲ್ಲಾ ಕಿಟಕಿ ಮುಚ್ಚಿವ್ನಿ. ಒಸಿ ಆಫ್ ಮಾಡ್ಲಾ, ಪೂಜೆ ಮಾಡ್ಬೇಕು."

"ಮಾಡಲ್ಲ ಅಣ್ಣ."

"ಬುಗುರಿ ಫೈಲೇ ಇಲ್ಲ, ಹುಡುಕಾಯ್ತು. ಹೋದೋನ ಜೊತೆ ಅದೂ ಹೋಯ್ತು ಅಂದ್ಕೊ."

ಆ ಮಾತಿಗೆ ನನ್ನ ಮೈ ಉರಿಯಿತು. ದನಿ ಏರಿಸಲಿಲ್ಲ. ಕುರ್ಚಿ ಎಳೆದು ಕೂತೆ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಂಪ್ಯೂಟರಿನಲ್ಲಿ ಕಿಟಕಿಗಳನ್ನು ತೋರಿಸುವುದು ಡಿಸ್‌ಪ್ಲೇ ಸರ್ವರ್ ಎಂಬ ಪ್ರತ್ಯೇಕ ಪ್ರೋಗ್ರಾಂ. ಒಂದು ಪ್ರೋಗ್ರಾಂನಲ್ಲಿ ಕಾಪಿ ಮಾಡಿದ್ದು ಸಾಮಾನ್ಯವಾಗಿ ಆ ಪ್ರೋಗ್ರಾಂ ಬಳಿಯೇ ಇರುತ್ತದೆ. ಅದನ್ನು ಮುಚ್ಚಿದರೆ ಇನ್ನೊಂದಕ್ಕೆ ಕೊಡುವವರಿಲ್ಲ. ಇನ್ನೊಂದು ದಾರಿಯೂ ಇದೆ. ಮಾಹಿತಿಯನ್ನು ಕಿಟಕಿಗೇ ಅಂಟಿಸಿಡಬಹುದು. ಇದಕ್ಕೆ ಪ್ರಾಪರ್ಟಿ ಎನ್ನುತ್ತಾರೆ. ಕಿಟಕಿ ಹೋದರೆ ಅದೂ ಹೋಗುತ್ತದೆ. ಆದರೆ ಎಲ್ಲ ಕಿಟಕಿಗಳ ಹಿಂದೆ ರೂಟ್ ವಿಂಡೋ ಎಂಬುದೊಂದಿದೆ. ಅದನ್ನು ಯಾರೂ ಮುಚ್ಚಲಾರರು. ಅದಕ್ಕೆ ಅಂಟಿಸಿದ್ದು, ಅಂಟಿಸಿದ ಪ್ರೋಗ್ರಾಂ ಸತ್ತ ಮೇಲೂ ಉಳಿಯುತ್ತದೆ. ಲಾಗ್ ಔಟ್ ಮಾಡಿದರೆ ಅಥವಾ ಕಂಪ್ಯೂಟರ್ ಆರಿಸಿದರೆ ಮುಗಿಯಿತು.

ರಫೀಕನ ಪ್ರೋಗ್ರಾಂ ಲೇತಿನ ಪ್ರೋಗ್ರಾಂಗೆ ಆಕಾರ ಕೊಡುತ್ತಿದ್ದದ್ದು ರೂಟ್ ವಿಂಡೋ ಮೂಲಕ. ಆ ಜೋಡಣೆ ಮಾಡಿಕೊಟ್ಟವನು ನಾನೇ. ಆ ಸಂಜೆ ಮನೆಗೆ ಹೋಗುವ ಮುನ್ನ ಅವನು ಬುಗುರಿಯನ್ನು ಲೇತಿಗೆ ಕಳುಹಿಸಿದ್ದರೆ ಅದು ಅಲ್ಲೇ ಇರಬೇಕು.

ರೂಟ್ ವಿಂಡೋ ಮೇಲಿನ ಪ್ರಾಪರ್ಟಿಗಳನ್ನು ತೋರಿಸು ಎಂದು ಟೈಪ್ ಮಾಡಿದೆ. ಸಾಲುಗಳು ಸರಿದವು. ಕೊನೆಯಲ್ಲಿ ಬುಗುರಿಯ ಅಳತೆಗಳು, ತಲೆಯಿಂದ ಮೊಳೆಯವರೆಗೆ, ಅವನು ಬಿಟ್ಟುಹೋದ ಹಾಗೆಯೇ ಇದ್ದವು. ಒಂದು ತಾತ್ಕಾಲಿಕ ಫೈಲಿಗೆ ನಕಲು ಮಾಡಿಕೊಂಡೆ.

"ಸಿಕ್ತಲ್ಲ, ಈಗಾದ್ರೂ ಆಫ್ ಮಾಡು" ಅಂದರು ಚಿಕ್ಕಣ್ಣ.

"ಇಲ್ಲ. ನಕಲಲ್ಲಿ ಒಂದಂಕಿ ಬಿಟ್ಟೋಗಿದ್ರೂ ಆಮೇಲೆ ಮೂಲ ಸಿಗಲ್ಲ. ಕಡೆದು ನೋಡ್ತೀನಿ."

"ಲೇ, ಕುಂಕುಮ ಇಟ್ಟಾಗೈತೆ. ಇವತ್ತು ಲೇತ್ ಮುಟ್ಟಂಗಿಲ್ಲ."

"ಕುಂಕುಮ ಹಂಗೇ ಇರ್ಲಿ. ನಾನು ಒರ್ಸಲ್ಲ. ಲೇತ್ ಓಡಿಸ್ದೇನೂ ಬಿಡಲ್ಲ. ಬೇಕಾದ್ರೆ ನಾಳೆಯಿಂದ ಬರ್ಬೇಡ ಅನ್ನಿ."

ಅವರು ಅನ್ನಲಿಲ್ಲ. ಗೊಂಬೆಗೆ ಬಳಸುವ ಹಾಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ, ನಕಲು ಮಾಡಿದ ಫೈಲಿನಿಂದಲೇ ಓಡಿಸಿದೆ. ಕುಂಕುಮ ಇಟ್ಟ ಲೇತು ಹೊಟ್ಟು ಹಾರಿಸುತ್ತ ತಿರುಗಿತು. ಅರಗಿನ ಬಣ್ಣ ಹಚ್ಚಲಿಲ್ಲ. ಬುಗುರಿಗೆ ಮೊಳೆ ಹೊಡೆದು, ದಾರ ಸುತ್ತಿ, ಚಿಕ್ಕಣ್ಣನವರ ಕೈಗೆ ಕೊಟ್ಟೆ.

ಅವರು ಹೂವನ್ನು ಕಂಪ್ಯೂಟರಿನ ಮೇಲಿಟ್ಟು ಬುಗುರಿ ಬೀಸಿದರು. ಅದು ಅಲುಗದೆ ನಿಂತು ತಿರುಗಿತು. ಕಡ್ಡಿ ಗೀರಿ ಕರ್ಪೂರ ಹಚ್ಚಬೇಕಿದ್ದವರು ಅದನ್ನೇ ನೋಡುತ್ತ ಉಳಿದರು.

"ನಿಲ್ಲಾಕಿಲ್ಲ ಅಂತೈತಲ್ಲೋ ಇದು."

"ಅವ್ನು ಸರಿಬಂತು ಅಂದಿದ್ದ ಅಣ್ಣ" ಅಂದೆ.

ಬುಗುರಿ ತಾನಾಗಿ ಮಲಗಿದ ಮೇಲೆ ಅದನ್ನು ಕೈಗೆತ್ತಿಕೊಂಡೆ. ಆಮೇಲೆಯೇ ಫೈಲಿಗೆ ರಫೀಕನ ಹೆಸರಿಟ್ಟು ಸೇವ್ ಮಾಡಿದೆ. ಕಂಪ್ಯೂಟರನ್ನು ನಾನೇ ಆರಿಸಿದೆ.

ಈಗಲೂ ಯಾರಾದರೂ "ಆಫ್ ಮಾಡಿ ಆನ್ ಮಾಡು, ಸರಿಹೋಗುತ್ತೆ" ಎಂದರೆ ನಾನು ಸ್ವಿಚ್ ಮುಟ್ಟುವುದಿಲ್ಲ. ಒಳಗೆ ಯಾರದ್ದು ಏನು ಉಳಿದಿದೆ ಎಂದು ಮೊದಲು ನೋಡುತ್ತೇನೆ. ಅವಸರ ಇರುವವರು ಕಾಯಲಿ.