ಹೊಟ್ಟೆಪಾಡಿಗೆ ಬಂದವರಲ್ಲ

"ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು" ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಎಂದು ಅಪ್ಪ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಮ್ಮ ಮುತ್ತಾತ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಬಂದದ್ದು ಯಾಕೆ ಎಂದು ಯಾರಾದರೂ ಕೇಳಿದರೆ ನಮ್ಮ ನೆಂಟರಲ್ಲೇ ಹಲವರು, "ಪಾಪ, ಬಡತನ, ಒಳ್ಳೆ ಜೀವನ ಹುಡುಕಿಕೊಂಡು ಬಂದ್ರು" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಬಡತನ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಊರಿನಲ್ಲಿ ಅವರಿಗೆ ಮುದ್ದೆಗೆ ತತ್ವಾರ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಒಂದಿಷ್ಟು ರಾಗಿ ಬರುತ್ತಿತ್ತು. ನಿಜವಾಗಿ ಹಸಿದದ್ದು ಮೈಸೂರಿಗೆ ಬಂದ ಮೇಲೆ. ಇಲ್ಲಿ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದು, ಎಷ್ಟೋ ದಿನ ನೀರು ಕುಡಿದು ಮಲಗಿದ್ದರಂತೆ. ಅನ್ನವಿದ್ದ ಕಡೆಯಿಂದ ಹಸಿವಿದ್ದ ಕಡೆಗೆ ಯಾರಾದರೂ ಹೊಟ್ಟೆಪಾಡಿಗೆ ಬರುತ್ತಾರೆಯೇ?

ಆ ಊರು ಮಂಡಕಳ್ಳಿಯಿಂದ ಸ್ವಲ್ಪ ಆಚೆಗಿದೆ. ಈಗ ಅದರ ತಲೆಯ ಮೇಲೆ ವಿಮಾನ ಹೋಗುತ್ತದೆ. ಆಗ ಊರಿನಲ್ಲಿ ಒಂದು ದೊಡ್ಡ ಮನೆ, ಅದರ ಸುತ್ತ ಒಕ್ಕಲು ಮನೆಗಳು, ಎಲ್ಲಕ್ಕೂ ಆಚೆ ನಮ್ಮ ಕೇರಿ. ಕೇರಿಯ ಒಂದೊಂದು ಮನೆಗೂ ಒಂದೊಂದು ಚಾಕರಿ. ನಮ್ಮ ಮನೆಗೆ ಅಂಟಿಕೊಂಡಿದ್ದದ್ದು ಸಾವಿನ ಸುದ್ದಿ ಹೊರುವ ಚಾಕರಿ. ಊರಿನಲ್ಲಿ ಯಾರು ಸತ್ತರೂ ನಮ್ಮ ಮುತ್ತಾತ ಎದ್ದು ನೆಂಟರ ಊರುಗಳಿಗೆ ನಡೆಯಬೇಕು. ಬಿಸಿಲಿರಲಿ, ಮಳೆಯಿರಲಿ, ಮೈಗೆ ಜ್ವರವಿರಲಿ. ಹೋದ ಊರಿನಲ್ಲಿ ಜಗಲಿಯಿಂದ ದೂರ ನಿಂತು ಕೂಗಿ ಹೇಳಬೇಕು. ಒಳಗಿನವರು ಗೋಳೋ ಎಂದು ಅಳಲು ಶುರು ಮಾಡುತ್ತಿದ್ದರು. ಕೆಲವರು ಸುದ್ದಿ ತಂದವನಿಗೇ ಶಾಪ ಹಾಕುತ್ತಿದ್ದರು. ಅತ್ತು ಮುಗಿದ ಮೇಲೆ ಯಾರೋ ಒಬ್ಬರು ಬಂದು ಚಾಚಿದ ಟವಲ್ಲಿಗೆ ಮೇಲಿನಿಂದಲೇ ಒಂದು ಸೇರು ರಾಗಿ ಸುರಿಯುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಸಾವು ಅವರ ಮನೆಯದು, ಸವೆಯುವುದು ನಮ್ಮ ಕಾಲು.

ಒಂದು ಬೆಳಿಗ್ಗೆ ಮುತ್ತಾತನ ಕೊನೆಯ ಮಗಳು ತೀರಿಕೊಂಡಳು. ಇನ್ನೂ ಅಂಬೆಗಾಲಿಡುತ್ತಿದ್ದ ಕೂಸು, ವಾಂತಿಭೇದಿ. ಮುತ್ತಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗಲೇ ದೊಡ್ಡ ಮನೆಯ ಆಳು ಬಂದ. ಅವತ್ತೇ ಆ ಮನೆಯ ಯಜಮಾನನ ತಾಯಿ, ತುಂಬಿ ತುಳುಕಿ ಬಾಳಿದ ಮುದುಕಿ, ಸತ್ತಿದ್ದಳು. ಮುತ್ತಾತ ಹೋಗಿ ಅಂಗಳದಾಚೆ ನಿಂತು, ನನ್ನ ಕೂಸು ಮಲಗಿದೆ ಬುದ್ಧಿ, ಮಣ್ಣು ಮಾಡಿ ಹೋಗುತ್ತೇನೆ ಎಂದು ಬೇಡಿಕೊಂಡರಂತೆ. ಜಗಲಿಯ ಮೇಲಿದ್ದ ಯಜಮಾನ ಕೊಟ್ಟ ಉತ್ತರವನ್ನು ನಮ್ಮ ತಾತ ಸಾಯುವವರೆಗೂ ಅದೇ ರಾಗದಲ್ಲಿ ಹೇಳುತ್ತಿದ್ದರು.

"ಸತ್ತ ಕೂಸು ಎಲ್ಲಿಗ್ಲಾ ಓಡೋಯ್ತದೆ? ಅಲ್ಲೇ ಇರ್ತದೆ. ಮೊದ್ಲು ಸುದ್ದಿ ಮುಟ್ಟಿಸ್ಬುಟ್ಟು ಬಾ."

ಮುತ್ತಾತ ಹೋದರು. ಯಾಕೆ ಹೋದರು ಎಂದು ನಾನು ಚಿಕ್ಕಂದಿನಲ್ಲಿ ಅಪ್ಪನ ಜೊತೆ ಜಗಳ ಕಾದಿದ್ದೇನೆ. ಹೋಗದಿದ್ದರೆ ಕೇರಿಗೆ ಕೇರಿಯೇ ಅನುಭವಿಸಬೇಕಿತ್ತು ಎಂದು ಅಪ್ಪ ಹೇಳುತ್ತಿದ್ದರು. ಮುತ್ತಾತ ಎಲ್ಲ ಊರುಗಳನ್ನೂ ಸುತ್ತಿ ಮಾರನೆಯ ದಿನ ಬರುವಷ್ಟರಲ್ಲಿ ಕೇರಿಯವರು ಕೂಸನ್ನು ಮಣ್ಣು ಮಾಡಿ ಮುಗಿಸಿದ್ದರು. ಎಲ್ಲಿ ಎಂದು ಕೇಳಿ, ಹೋಗಿ ನೋಡಿ ಬಂದರಂತೆ. ಅದಕ್ಕಿಂತ ನನ್ನ ಹೊಟ್ಟೆ ಉರಿಸುವುದು ಇನ್ನೊಂದು. ಮುತ್ತಜ್ಜಿಯ ತವರು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವಷ್ಟೇ ದೂರ. ಆದರೆ ಕೂಸು ಹೋದದ್ದು ಆಕೆಯ ತಾಯಿಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ, ಸಂತೆಯಲ್ಲಿ, ಯಾರದೋ ಬಾಯಿಂದ. ಊರಿನವರ ಸುದ್ದಿಯನ್ನೆಲ್ಲ ಹೊತ್ತವನ ಮನೆಯ ಸುದ್ದಿ ಹೊರುವವರು ಯಾರೂ ಇರಲಿಲ್ಲ. ಕೂಸಿನ ಅಜ್ಜಿ ಅಳುತ್ತಾ ಬಂದು, ನಂಗ್ಯಾಕೆ ಹೇಳಿ ಕಳಿಸಲಿಲ್ಲ ಎಂದು ಅಳಿಯನನ್ನು ಕೇಳಿದಳಂತೆ. ಆ ವಾರವೇ ಮುತ್ತಾತ ಪಾತ್ರೆಪಡಗ ಕಟ್ಟಿದರು. ಸುಗ್ಗಿಗೆ ಇನ್ನೂ ಸ್ವಲ್ಪ ದಿನವಿತ್ತು. ಬರಬೇಕಾಗಿದ್ದ ರಾಗಿಯನ್ನೂ ಬಿಟ್ಟು ನಡೆದರು. ಈಗ ಹೇಳಿ, ಅವರು ಹೊಟ್ಟೆ ಹಿಡಿದುಕೊಂಡು ಬಂದವರೋ, ಹೊಟ್ಟೆ ಬಿಟ್ಟು ಬಂದವರೋ?

ಈಗ ನಾವಿರುವುದು ಬೋಗಾದಿಯ ಒಂದು ಬಡಾವಣೆಯಲ್ಲಿ. ನಾನು ಹೆಬ್ಬಾಳದ ಒಂದು ಕಾರ್ಖಾನೆಯ ಆಫೀಸಿಗೆ ಹೋಗಿಬರುತ್ತೇನೆ. ಅಪ್ಪ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾಗಿ ನನ್ನ ಜೊತೆಗಿದ್ದಾರೆ. ಕೆಲವು ವರ್ಷಗಳ ಹಿಂದೆ ನಮ್ಮ ರಸ್ತೆಯ ಕೊನೆಗೆ ಒಂದು ದೊಡ್ಡ ಮನೆ ಎದ್ದಿತು. ಕಟ್ಟಿಸಿದವನು ನನ್ನ ವಯಸ್ಸಿನವನು, ಜಮೀನು ಮಾರಿ ಬಂದವನು. ಬೆಳಗಿನ ವಾಕಿಂಗಿನಲ್ಲಿ ಅಪ್ಪನ ಜೊತೆ ಮಾತಿಗೆ ಸಿಕ್ಕಿ, ಊರು ಯಾವುದು ಎಂದು ವಿಚಾರಿಸಿದ. ನೋಡಿದರೆ ಇಬ್ಬರದೂ ಒಂದೇ ಊರು. ಆಮೇಲೆ ಬರಬೇಕಾದ ಪ್ರಶ್ನೆ ಬಂತು, ಯಾವ ಕೇರಿ? ಅಪ್ಪ ಮುಚ್ಚಿಡುವವರಲ್ಲ, ಹೇಳಿದರು. ಅವನು ಊರಿನ ಆ ದೊಡ್ಡ ಮನೆಯ ಯಜಮಾನನ ಮರಿಮಗ. ಅವನಿಗೆ ಖುಷಿಯೋ ಖುಷಿ. ಗೃಹಪ್ರವೇಶದ ದಿನ ಹತ್ತು ಜನರ ನಡುವೆ ಅಪ್ಪನ ಹೆಗಲ ಮೇಲೆ ಕೈ ಹಾಕಿ, ಇವರ ತಾತದೀರು ನಮ್ಮ ಮನೆ ಸುದ್ದಿ ಹೊರುತ್ತಿದ್ದವರು, ಪಾಪ ಹೊಟ್ಟೆಪಾಡಿಗೆ ಊರು ಬಿಟ್ಟರು, ಈಗ ನೋಡಿ ಮೇಷ್ಟ್ರ ಮಗಳು ಕಾರಿಟ್ಟಿದ್ದಾಳೆ ಎಂದು ಪರಿಚಯ ಮಾಡಿಸಿದ. ಪ್ರೀತಿಯಿಂದಲೇ ಹೇಳಿದ, ಅದೇ ನನಗೆ ತಡೆಯಲಾಗದ್ದು. ಅವನೂ ಊರು ಬಿಟ್ಟು ಬಂದವನೇ ತಾನೇ? ಅವನನ್ನು ಮಾತ್ರ ಯಾರೂ ಪಾಪ ಅನ್ನುವುದಿಲ್ಲ. ನಾನು ಎಲೆಯ ಮುಂದಿನಿಂದ ಎದ್ದು ಬಂದುಬಿಟ್ಟೆ. ಅಪ್ಪ ಪಾಯಸ ಮುಗಿಸಿಯೇ ಬಂದರು.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅವನು ನಮ್ಮ ಗೇಟಿನ ಹತ್ತಿರ ಬಂದು ನಿಂತ. ಕಣ್ಣು ಕೆಂಪಗಿತ್ತು. ಅವನ ತಂದೆ ತೀರಿಕೊಂಡಿದ್ದರು. ಅಪ್ಪ ಓಡಿಹೋಗಿ ಕೈ ಹಿಡಿದುಕೊಂಡರು. ನನಗೂ ಅಯ್ಯೋ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅವನು ತಲೆ ಕೆರೆದುಕೊಂಡು ಬಂದ ಕೆಲಸ ಹೇಳಿದ. ನೆಂಟರಿಗೆಲ್ಲ ಫೋನು ಮಾಡಿಯಾಗಿದೆ. ಅವನ ತಾಯಿಯ ತವರೊಂದು ಉಳಿದಿದೆ. ಅಲ್ಲಿಗೆ ಫೋನು ಕೂಡದು, ಸುದ್ದಿ ಹೊರುವ ಮನೆಯವರೇ ಹೋಗಿ ಹೇಳಬೇಕು, ಇಲ್ಲದಿದ್ದರೆ ಸತ್ತವರಿಗೆ ಸದ್ಗತಿ ಇಲ್ಲ ಎಂದು ಅವನ ಸೋದರತ್ತೆ ಹಟ ಹಿಡಿದು ಕೂತಿದ್ದಾಳೆ.

"ಬರೀ ಶಾಸ್ತ್ರಕ್ಕೆ ಮೇಷ್ಟ್ರೇ. ಕಾರು ಕೊಡ್ತೀನಿ, ಡ್ರೈವರ್ ಅವ್ನೆ. ಎ.ಸಿ. ಆಕ್ಕೊಂಡ್ ಓಗ್ಬುಟ್ಟು ಬಂದ್ಬುಡಿ."

ಶಾಸ್ತ್ರವಂತೆ, ಎ.ಸಿ.ಯಂತೆ. ನನ್ನ ಬಾಯಿಗೆ ಬಂದದ್ದನ್ನು ಅಪ್ಪ ಕಣ್ಣಿನಲ್ಲೇ ತಡೆದರು. ನೀವು ನಡೆಯಿರಿ, ನಾನು ಬರುತ್ತೇನೆ ಎಂದು ಅವನನ್ನು ಕಳಿಸಿದರು. ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದು ಜಗಳವೇ. ಅಪ್ಪ ಆ ಕಾರು ಹತ್ತಿದರೆ ಮುತ್ತಾತ ಕಟ್ಟಿದ ಗಂಟುಮೂಟೆಯನ್ನು ಮತ್ತೆ ಆ ಅಂಗಳಕ್ಕೇ ಹೊತ್ತು ಹಾಕಿದ ಹಾಗೆ ಎಂದೆ. ಎಪ್ಪತ್ತು ದಾಟಿದ ಮೇಲೆ, ಊರಿಗೆಲ್ಲ ಪಾಠ ಹೇಳಿದ ಮೇಲೆ, ಇದೊಂದು ಬಾಕಿ ಇತ್ತಾ ಎಂದೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಗುಂಡಿ ಹಾಕುತ್ತಾ ನಿಂತಿದ್ದರು. ಸಾವಿನ ಮನೆಯವರಿಗೆ ಇಲ್ಲ ಅನ್ನಬಾರದು ಎಂಬ ಅವರ ಮೆದುತನ ನನಗೆ ಗೊತ್ತಿತ್ತು, ಅದಕ್ಕೇ ಭಯ. ನೀನೂ ಬಾ, ದಾರಿಯಲ್ಲಿ ಒಂದು ಹಾರ ತಗೋ ಎಂದರು. ಹಾರ ತರುವುದಿಲ್ಲ ಎಂದೆ. ಅವರೇ ತಂದರು. ನಾನು ಹಲ್ಲು ಕಚ್ಚಿಕೊಂಡು ಹಿಂದೆ ನಡೆದೆ.

ಮನೆಯ ಮುಂದೆ ಶಾಮಿಯಾನ, ಊರಿನಿಂದ ಬಂದ ಜನ. ಗೇಟಿನ ಪಕ್ಕ ಬಾಗಿಲು ತೆರೆದುಕೊಂಡು ಕಾರು ನಿಂತಿತ್ತು. ಡ್ರೈವರ್ ಅಪ್ಪನನ್ನು ನೋಡಿ ಸಿಗರೇಟು ಎಸೆದು ಸ್ಟಾರ್ಟ್ ಮಾಡಿದ. ಅಪ್ಪ ಅವನಿಗೆ ನಮಸ್ಕಾರ ಹೇಳಿ ಕಾರನ್ನು ದಾಟಿ, ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ ಹಾಲಿನೊಳಗೆ ಹೋದರು. ಹೆಣಕ್ಕೆ ಹಾರ ಹಾಕಿ ಕೈ ಮುಗಿದರು. ಆಮೇಲೆ ಸತ್ತವರ ದಾಯಾದಿಗಳು ಕೂತಿದ್ದ ಸಾಲಿನಲ್ಲಿ ಒಂದು ಕುರ್ಚಿ ಹುಡುಕಿ ಕೂತರು. ಆ ಮುದುಕಿ ಅತ್ತೆ ಅಳು ನಿಲ್ಲಿಸಿ ಇವರನ್ನೇ ನೋಡಿದಳು. ಯಾರೋ ಅವಳ ಕಿವಿಯಲ್ಲಿ ಇವರು ಯಾರೆಂದು ಹೇಳಿದ್ದು ನನಗೂ ಕೇಳಿಸಿತು.

ಅವನು ಬಂದು ಬಗ್ಗಿ, ಕಾರು ರೆಡಿ ಇದೆ ಮೇಷ್ಟ್ರೇ, ಹೊತ್ತಾಗುತ್ತದೆ ಎಂದ.

"ನಾನು ಮಣ್ಣಿಗೆ ಬಂದಿದೀನಿ ಕಣಪ್ಪ," ಎಂದರು ಅಪ್ಪ. "ಸುದ್ದಿಗೆ ಬಂದಿಲ್ಲ."

ತರಗತಿಯಲ್ಲಿ ಹೇಳುವ ದನಿ ಅದು, ಜೋರಿಲ್ಲ, ಆದರೆ ಕೊನೆಯ ಬೆಂಚಿಗೂ ಕೇಳುತ್ತದೆ. ಅವನು ಅತ್ತೆಯ ಮುಖ ನೋಡಿದ, ಅಪ್ಪನ ಮುಖ ನೋಡಿದ.

"ಅಂಗಾರೆ ನಮ್ಮವ್ವನ ತವರಿಗೆ ಯಾರ್ ಏಳೋದು?"

"ಸತ್ತಿರೋದು ನಿಮ್ಮಪ್ಪ. ನೀವೇ ಹೇಳಿ."

ಅತ್ತೆ ಏನೋ ಗೊಣಗಿದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಅವನು ಅಲ್ಲೇ ಇದ್ದ ಇನ್ನೊಂದು ಕುರ್ಚಿಯಲ್ಲಿ ಕುಸಿದು ಕೂತು, ಫೋನು ತೆಗೆದು ಸೋದರಮಾವನಿಗೆ ಹಚ್ಚಿದ. ಮಾವಾ ಎಂದು ಕರೆದ; ಮುಂದಿನದನ್ನು ಹೇಳಲು ತುಂಬಾ ಹೊತ್ತು ಬೇಕಾಯಿತು. ಅವನು ಹೇಳಿ ಮುಗಿಸುವ ತನಕ ಅಪ್ಪ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದರು. ನಾನಾಗಿದ್ದರೆ ಇಡುತ್ತಿರಲಿಲ್ಲ.